ಅಪ್ಪ ಮನೆಗೆ ಬಂದಿದ್ದಾರೆ: ಆಸ್ಪತ್ರೆಗೆ ಬಂದವರಿಗೂ, ಬಾರದೆ ನೆರವಾದವರಿಗೂ ಕೃತಜ್ಞತೆಗಳು

ಇಲಿ ಜ್ವರದಿಂದ ಮೂತ್ರಪಿಂಡಗಳಿಗೆ ತೊಂದರೆಯಾಗಿ ಕಾರವಾರದ ಸರ್ಕಾರಿ ಆಸ್ಪತ್ರೆಗೆ ದಾಖಲಾಗಿದ್ದ ನಮ್ಮ ತಂದೆಯವರು ಗುಣಮುಖರಾಗಿ ಅಂಕೋಲಾ ತಾಲೂಕಿನ ನಮ್ಮ ಮನೆಗೆ ಮರಳಿದ್ದಾರೆ. ಡಯಾಲಿಸಿಸ್ ನಿಂತಿದೆ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಸಹಜ ಮಿತಿಗೆ ಇಳಿದಿದೆ, ಗಂಜಿಯ ಜೊತೆ ಚಟ್ನಿ ಯಾಕಿಲ್ಲ ಎಂದು ಕೇಳುವಷ್ಟು ಬಾಯಿರುಚಿಯೂ ಬಂದಿದೆ. ವಿಚಾರಿಸಿದವರೆಲ್ಲರಿಗೆ ಒಬ್ಬೊಬ್ಬರಾಗಿ ಫೋನ್ ಮಾಡುವುದು ಸಾಧ್ಯವಾಗದ್ದರಿಂದ ಇಲ್ಲಿಯೇ ವಂದಿಸುತ್ತಿದ್ದೇನೆ. ಮಳೆಗಾಲದ ಜ್ವರ ನಮ್ಮ ಕರಾವಳಿಯ ಯಾವ ಮನೆಗೂ ಹೊಸದಲ್ಲವಾದ್ದರಿಂದ, ನಾಳೆ ಇನ್ನೊಬ್ಬರಿಗೆ ಉಪಯೋಗವಾಗಬಹುದಾದ ಕೆಲವು ವಿಷಯಗಳನ್ನೂ ಜೊತೆಗೇ ಬರೆಯುತ್ತೇನೆ.

ಮೊದಲ ವಂದನೆ ತಾಲೂಕು ಆಸ್ಪತ್ರೆಯ ವೈದ್ಯರಿಗೆ. ಜ್ವರ, ಕೆಂಪಾದ ಕಣ್ಣು, ಮುಟ್ಟಿದರೆ ಚೀರುವಂತಹ ಮೀನಖಂಡದ ನೋವು, ಇಷ್ಟನ್ನು ನೋಡಿದವರೇ ಅವರು ಕೇಳಿದ್ದು, "ನೆಟ್ಟಿ ಗದ್ದೆಗೆ ಇಳಿದಿದ್ದರೇ? ಕಾಲಿನಲ್ಲಿ ಗಾಯವಿತ್ತೇ?" ಎಂದು. ಇಲಿಗಳ, ಕೆಲವೊಮ್ಮೆ ದನಗಳ ಮೂತ್ರ ಬೆರೆತ ನೀರಿನಿಂದ ಈ ರೋಗಾಣು ಚರ್ಮದ ಬಿರುಕುಗಳ ಮೂಲಕ ಒಳಸೇರುತ್ತದೆ, ಸಾಮಾನ್ಯವಾಗಿ 5ರಿಂದ 14 ದಿನಗಳೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ. ಎರಡನೆಯ ಪ್ರಶ್ನೆ ಯಾವ ಮಾತ್ರೆ ನುಂಗಿದ್ದಾರೆ ಎಂಬುದು. ಕೆಲವು ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಮತ್ತಷ್ಟು ಹೊರೆಯಾಗುತ್ತವಂತೆ. ನನ್ನ ತಮ್ಮ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬಂದಿದ್ದರಿಂದ ಊಹೆಯ ಉತ್ತರ ಕೊಡಬೇಕಾಗಲಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಔಷಧ, ಯಾವುದಾದರೂ ಮದ್ದಿನ ಅಲರ್ಜಿ, ಇವುಗಳ ಜೊತೆಗೆ ನಾಟಿ ಔಷಧದ ಕಷಾಯವನ್ನೂ ಸಂಕೋಚವಿಲ್ಲದೆ ಹೇಳಬೇಕು.

108 ಆಂಬುಲೆನ್ಸಿನ ಸಿಬ್ಬಂದಿ ಮಳೆಯ ರಾತ್ರಿಯಲ್ಲಿ ಹೆದ್ದಾರಿ 66ರಲ್ಲಿ ಕಾರವಾರ ಮುಟ್ಟಿಸಿದರು. ಪಡಿತರ ಚೀಟಿ ಮತ್ತು ಆಧಾರ್ ಆ ದಿನವೇ ಕೈಯಲ್ಲಿದ್ದುದು ಒಳ್ಳೆಯದಾಯಿತು, ಆರೋಗ್ಯ ಮಿತ್ರ ಎಂಬ ಹುದ್ದೆಯ ಸಿಬ್ಬಂದಿ ಯೋಜನೆಯ ಕಾಗದಗಳನ್ನು ತಾವೇ ನೋಡಿಕೊಂಡರು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆದರೆ ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ರೋಗಿ ಹಾಸಿಗೆ ಹಿಡಿದೊಡನೆ "ಮಣಿಪಾಲಕ್ಕೆ ಒಯ್ಯಿರಿ", "ಗೋವಾಕ್ಕೆ ಒಯ್ಯಿರಿ" ಎಂಬ ಮಾತು ಏಳುವುದು ಸಹಜವೇ; ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಇಷ್ಟು ವರ್ಷ ಕೂಗುತ್ತ ಬಂದವರು ಬೇರೇನು ಹೇಳಿಯಾರು. ನಮ್ಮ ಚಿಕ್ಕಪ್ಪ ಮಾತ್ರ ವೈದ್ಯರ ಎದುರು ಕುಳಿತು ಎರಡೇ ಪ್ರಶ್ನೆ ಕೇಳಿದರು: ಇಲ್ಲಿ ಆಗದ ಯಾವ ಚಿಕಿತ್ಸೆ ಅಲ್ಲಿ ಆಗಬೇಕಿದೆ, ಮತ್ತು ಅಷ್ಟು ದೂರದ ಪ್ರಯಾಣವನ್ನು ರೋಗಿ ತಡೆದಾರೇ. ಬೇಕಾದ ಡಯಾಲಿಸಿಸ್ ಇಲ್ಲಿಯೇ ಇದೆ ಎಂದು ತಿಳಿದ ಮೇಲೆ ಮನೆಯವರ ತರ್ಕ ತಾನಾಗಿ ತಣ್ಣಗಾಯಿತು.

ವಾರ್ಡಿನ ದಾದಿಯರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಅಪ್ಪನ ಹಾಸಿಗೆಯ ಕಾಲಿಗೆ ಒಂದು ಹಾಳೆ ಕಟ್ಟಿತ್ತು. ಒಂದು ಕಡೆ ಒಳಗೆ ಹೋದದ್ದು, ಇನ್ನೊಂದು ಕಡೆ ಹೊರಗೆ ಬಂದದ್ದು, ಎರಡೂ ಮಿಲಿಲೀಟರುಗಳಲ್ಲಿ. ಹಿಂದಿನ ದಿನದ ಮೂತ್ರದ ಪ್ರಮಾಣಕ್ಕೆ ಸುಮಾರು 500 ಮಿಲಿಲೀಟರ್ ಕೂಡಿಸಿದಷ್ಟೇ ಅಂದಿನ ದ್ರವಾಹಾರ. ಅದರಲ್ಲಿ ಚಹಾ, ಗಂಜಿತಿಳಿ, ಮಾತ್ರೆ ನುಂಗುವ ಗುಟುಕು ನೀರು ಎಲ್ಲವೂ ಸೇರಿದವು. "ನೀವು ಬರೆಯದೆ ಕೊಟ್ಟ ಒಂದು ಲೋಟ ನಮ್ಮ ಲೆಕ್ಕವನ್ನೇ ಕೆಡಿಸುತ್ತದೆ" ಎಂದು ಹಿರಿಯ ದಾದಿಯೊಬ್ಬರು ಮೊದಲ ದಿನವೇ ಅಮ್ಮನಿಗೆ ಹೇಳಿದ್ದರು, ಮಾರನೆಯ ದಿನದಿಂದ ಅಮ್ಮ ಅಳತೆಯ ಲೋಟವನ್ನು ಯಾರ ಕೈಗೂ ಕೊಡಲಿಲ್ಲ. ಮೂತ್ರದ ಚೀಲವನ್ನು ಸೊಂಟಕ್ಕಿಂತ ಕೆಳಗೇ ಇಡಬೇಕು, ಆದರೆ ನೆಲಕ್ಕೆ ತಾಗಿಸಬಾರದು ಎಂಬುದನ್ನೂ, ಡ್ರಿಪ್ಪಿನ ವೇಗವನ್ನು ನಾವಾಗಿ ಬದಲಾಯಿಸಬಾರದು ಎಂಬುದನ್ನೂ ಅವರೇ ಬೇಸರವಿಲ್ಲದೆ ತಿಳಿಸಿದರು.

ಇನ್ನು ಎಳನೀರಿನ ವಿಷಯ. ನೋಡಲು ಬಂದವರಲ್ಲಿ ಬಹಳ ಮಂದಿ ಎಳನೀರು, ಬಾಳೆಹಣ್ಣು ತಂದರು. ನಮ್ಮ ಕಡೆ ಬರಿಗೈಯಲ್ಲಿ ರೋಗಿಯನ್ನು ನೋಡುವ ಪದ್ಧತಿಯೇ ಇಲ್ಲ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಕೆಲಸ ಮಾಡದಿದ್ದಾಗ ಅದು ರಕ್ತದಲ್ಲಿ ಉಳಿದುಕೊಂಡು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು, ಅಪ್ಪನ ರಕ್ತದಲ್ಲಿ ಅದು ಆಗಲೇ ಏರಿತ್ತು. ತಂದವರ ಮನಸ್ಸಿಗೆ ನೋವಾಗದಂತೆ ಅವನ್ನೆಲ್ಲ ನಾವು ಆಚೀಚೆ ಹಾಸಿಗೆಗಳ ಸಹಾಯಕರಿಗೆ ಹಂಚಿದೆವು. ಮುಂದೆ ಮೂತ್ರ ಧಾರಾಳವಾಗಿ ಹೋಗತೊಡಗಿದ ಮೇಲೆ ವೈದ್ಯರೇ ದ್ರವದ ಮಿತಿ ಸಡಿಲಿಸಿದರು, ಅಂದರೆ ಅದೇ ರೋಗಿಗೆ ಈ ವಾರ ಬೇಡವಾದದ್ದು ಮುಂದಿನ ವಾರ ಬೇಕಾಗಬಹುದು. ಏನು ತರಲಿ ಎಂದು ಮೊದಲೇ ಫೋನಿನಲ್ಲಿ ಕೇಳಿ, ಬದಲಿಗೆ ಅಮ್ಮನಿಗೆ ಬಿಸಿ ಊಟ ತಂದುಕೊಟ್ಟ ಬಂಧುಗಳನ್ನು ನಾವು ಮರೆಯುವಂತಿಲ್ಲ.

ಬಾರದೆ ಉಳಿದವರಿಗೂ ಅಷ್ಟೇ ಕೃತಜ್ಞತೆಗಳು. ಕೆಮ್ಮಿದೆ ಎಂದು ಬಾಗಿಲಲ್ಲೇ ನಿಂತು ಹೋದ ಪಕ್ಕದ ಮನೆಯವರು, ಮಗುವನ್ನು ಕರೆತರದೆ ಒಬ್ಬರಾದ ಮೇಲೆ ಒಬ್ಬರಂತೆ ಬಂದ ಅಕ್ಕ-ಭಾವ, ನಮ್ಮ ಅರ್ಧ ನೆಟ್ಟ ಗದ್ದೆಯನ್ನು ಯಾರೂ ಹೇಳದೆಯೇ ನೆಟ್ಟು ಮುಗಿಸಿದ ಕೇರಿಯವರು, ಇವರ ಋಣ ದೊಡ್ಡದು. ಡಯಾಲಿಸಿಸ್‌ಗಾಗಿ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರಿಗೆ ಹೊರಗಿನ ಸೋಂಕೇ ದೊಡ್ಡ ಅಪಾಯ. ಹಾಸಿಗೆಯ ಮೇಲೆ ಕೂರದಿರುವುದು, ಒಳಗೆ ಹೋಗುವಾಗಲೂ ಹೊರಬರುವಾಗಲೂ ಕೈ ತೊಳೆಯುವುದು, ಭೇಟಿಯ ಸಮಯ ಮೀರಿದಾಗ ಕಾವಲುಗಾರನೊಡನೆ ವಾದಕ್ಕಿಳಿಯದಿರುವುದು ಔಷಧದಷ್ಟೇ ಮುಖ್ಯ. ಒಂದು ಬೇಸರವನ್ನೂ ಹೇಳಿಬಿಡುತ್ತೇನೆ: ಮೂಗಿಗೆ ಆಮ್ಲಜನಕದ ನಳಿಕೆ ಇದ್ದ ಅಪ್ಪನ ಚಿತ್ರವನ್ನು ಯಾರೋ ತೆಗೆದು ವಾಟ್ಸಾಪಿನಲ್ಲಿ ಹರಿಬಿಟ್ಟರು. ಕಾಳಜಿಯಿಂದಲೇ ಮಾಡಿರಬಹುದು, ಆದರೆ ದುಬೈಯಲ್ಲಿರುವ ತಂಗಿಗೆ ಸುದ್ದಿ ಮುಟ್ಟಿದ್ದು ನಮ್ಮಿಂದಲ್ಲ, ಆ ಚಿತ್ರದಿಂದ.

ಬಿಡುಗಡೆಯ ದಿನ ಕಿರಿಯ ವೈದ್ಯರೊಬ್ಬರು ಡಿಸ್ಚಾರ್ಜ್ ಸಾರಾಂಶವನ್ನು ಸಾಲು ಸಾಲಾಗಿ ಕನ್ನಡದಲ್ಲಿ ವಿವರಿಸಿ, ಯಾವ ಹಳೆಯ ಮಾತ್ರೆ ನಿಲ್ಲಿಸಬೇಕು, ಮುಂದಿನ ರಕ್ತಪರೀಕ್ಷೆ ಯಾವಾಗ, ಏನಾದರೆ ತಡಮಾಡದೆ ಬರಬೇಕು ಎಂದು ನಮ್ಮಿಂದಲೇ ಮತ್ತೊಮ್ಮೆ ಹೇಳಿಸಿದರು. ಆ ತಾಳ್ಮೆಗೆ ವಿಶೇಷ ವಂದನೆ. ಗದ್ದೆಗೆ ಇಳಿಯುವಾಗ ಗಂಬೂಟು ಹಾಕಬೇಕೆಂಬ ಅವರ ಸಲಹೆಗೆ ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಅವರಿಗೆ ಬುದ್ಧಿ ಹೇಳಬಯಸುವವರೂ, ಸುಮ್ಮನೆ ಮಾತನಾಡಿಸಿ ಹೋಗುವವರೂ ಸಂಜೆ ನಾಲ್ಕರ ಮೇಲೆ ಮನೆಗೆ ಬರಬಹುದು. ಮಧ್ಯಾಹ್ನ ಅವರು ಮಲಗಿರುತ್ತಾರೆ.