ಹೊಸ ವಿಂಡೋಸ್‌ಗೆ ಹಿಂಜರಿಕೆ ಸೋಮಾರಿತನವಲ್ಲ

ಮಾನ್ಯರೇ,

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೂ ಅದನ್ನೇ ಬಳಸುವವರನ್ನು ಸೋಮಾರಿಗಳೆಂದು ದೂರುವುದು ಸರಿಯಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕಂಪ್ಯೂಟರ್‌ನಲ್ಲಿರಬೇಕು, ಇಂಟೆಲ್ ಪ್ರೊಸೆಸರ್ ಬಹುಪಾಲು 8ನೇ ತಲೆಮಾರಿನದೋ ನಂತರದ್ದೋ ಆಗಿರಬೇಕು. ಚೆನ್ನಾಗಿ ಓಡುವ ಎಷ್ಟೋ ಕಂಪ್ಯೂಟರ್‌ಗಳು ಇಲ್ಲೇ ಹೊರಗುಳಿಯುತ್ತವೆ. (ಟಿಪಿಎಂ ಇದ್ದೂ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಬಯಾಸ್ ಸೆಟ್ಟಿಂಗ್‌ನಲ್ಲಿ ಆಫ್ ಆಗಿರಬಹುದು, ಮೊದಲು ಅದನ್ನು ನೋಡಿ.)

ನಿಜವಾದ ತೊಡಕು ಡ್ರೈವರ್‌ನದು, ಅಂದರೆ ಸ್ಕ್ಯಾನರ್, ಪ್ರಿಂಟರ್‌ನಂಥ ಸಾಧನಗಳನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ತಂತ್ರಾಂಶದ್ದು. ಹಳೆಯ ಸ್ಕ್ಯಾನರ್‌ಗೆ 32 ಬಿಟ್ ಡ್ರೈವರ್ ಮಾತ್ರ ಇದ್ದರೆ 64 ಬಿಟ್‌ನಲ್ಲಿ ಮಾತ್ರ ಬರುವ ವಿಂಡೋಸ್ 11ರಲ್ಲಿ ಅದು ಲೋಡ್ ಆಗುವುದೇ ಇಲ್ಲ. ತಯಾರಕರು ಹೊಸದನ್ನು ಕೊಡದಿದ್ದರೆ ಸ್ಕ್ಯಾನರ್ ಮೂಲೆ ಸೇರುತ್ತದೆ.

ಅಪ್‌ಗ್ರೇಡ್ ಮಾಡಿದವರಿಗೆ ಹಿಂದಿರುಗಲು ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ. ತಿಂಗಳಿಗೊಮ್ಮೆ ಬಳಸುವ ಲೆಕ್ಕಪತ್ರದ ತಂತ್ರಾಂಶ ಕೈಕೊಟ್ಟದ್ದು ಅಷ್ಟರಲ್ಲಿ ಗೊತ್ತಾಗದು. ಮೊದಲ ದಿನವೇ ಎಲ್ಲವನ್ನೂ ತೆರೆದು, ಒಂದೊಂದು ಪುಟ ಮುದ್ರಿಸಿ ನೋಡಿ.