ಮೂತ್ರದ ಫಿಶ್ ಟೆಸ್ಟ್ ಇನ್ನು ಮುಂದೆ ಡಾಕ್ಟರ ಚೀಟಿ ಇದ್ದರೆ ಮಾತ್ರ

ನಮ್ಮ ಲ್ಯಾಬ್‌ಗೆ ಬರುವ ಎಲ್ಲರಿಗೂ ನಮಸ್ಕಾರ.

ಮೂತ್ರಕೋಶದ ಕ್ಯಾನ್ಸರ್ ಹುಡುಕುವ ಫಿಶ್ ಟೆಸ್ಟನ್ನು ಇಷ್ಟು ದಿನ ಯಾರು ಕೇಳಿದರೂ ಮಾಡಿಸಿಕೊಡುತ್ತಿದ್ದೆವು. ಬರುವ ತಿಂಗಳ ಒಂದನೇ ತಾರೀಖಿನಿಂದ ಯೂರಾಲಜಿಸ್ಟ್ ಬರೆದ ಚೀಟಿ ಇದ್ದರಷ್ಟೇ ಸ್ಯಾಂಪಲ್ ತೆಗೆದುಕೊಳ್ಳುತ್ತೇವೆ.

ಹೋದ ಮಳೆಗಾಲದಲ್ಲಿ ನಮ್ಮ ಹಳೇ ಗ್ರಾಹಕರೊಬ್ಬರಿಗೆ ಮೂತ್ರದಲ್ಲಿ ಒಂದು ಸಲ ರಕ್ತ ಕಂಡಿತ್ತು. ನೋವಿರಲಿಲ್ಲ. ಒಳಗೆ ಕ್ಯಾಮೆರಾ ಬಿಟ್ಟು ನೋಡುವ ಸಿಸ್ಟೋಸ್ಕೋಪಿಗೆ ಹೆದರಿ, ನಮ್ಮಲ್ಲಿ ಈ ಟೆಸ್ಟ್ ಮಾಡಿಸಿದರು. ನೆಗೆಟಿವ್ ಬಂತು. ರಿಪೋರ್ಟನ್ನು ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟು ನಿಶ್ಚಿಂತೆಯಾಗಿದ್ದರು. ನಾಲ್ಕು ತಿಂಗಳ ಮೇಲೆ ಮತ್ತೆ ರಕ್ತ. ಆಗ ಸಿಸ್ಟೋಸ್ಕೋಪಿಯಲ್ಲಿ ಗಡ್ಡೆ ಸಿಕ್ಕಿತು. ನೆಗೆಟಿವ್ ಬಂದರೂ ಕ್ಯಾನ್ಸರ್ ಇರಬಹುದು, ಸಿಸ್ಟೋಸ್ಕೋಪಿ ಬಿಡಬೇಡಿ ಅಂತ ರಿಪೋರ್ಟ್ ಕೊಡುವಾಗಲೇ ನಾವು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನಮ್ಮದು.

ಮೂತ್ರಕೋಶದ ಒಳಪದರದಿಂದ ಉದುರಿದ ಜೀವಕೋಶಗಳು ಮೂತ್ರದಲ್ಲಿ ಬರುತ್ತವೆ. ಫಿಶ್ ಟೆಸ್ಟಿನಲ್ಲಿ ಅವುಗಳ ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತಿರುವ ಎಳೆಗಳ ಪೈಕಿ 3, 7 ಮತ್ತು 17ನೆಯದಕ್ಕೆ ಒಂದೊಂದು ಬಣ್ಣ, 9ನೆಯದರ ಒಂದು ತುಂಡಿಗೆ ಇನ್ನೊಂದು ಬಣ್ಣ ಹತ್ತಿಸಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಆರೋಗ್ಯವಾಗಿರುವ ಕೋಶದಲ್ಲಿ ಸಾಮಾನ್ಯವಾಗಿ ಪ್ರತಿ ಬಣ್ಣಕ್ಕೂ ಎರಡೇ ಚುಕ್ಕೆ. ಕ್ಯಾನ್ಸರ್ ಕೋಶದಲ್ಲಿ ಮೂರೋ ನಾಲ್ಕೋ ಕಾಣಿಸಬಹುದು. 9ನೆಯದರ ಚುಕ್ಕೆ ಕೆಲವು ಸಲ ಪೂರ್ತಿ ಮಾಯ.

ಆದರೆ ಮೆಲ್ಲಗೆ ಬೆಳೆಯುವ ಗಡ್ಡೆಗಳಲ್ಲಿ ಕ್ರೋಮೋಸೋಮ್ ಅಷ್ಟು ಕೆಟ್ಟಿರುವುದಿಲ್ಲ, ಕೋಶಗಳೂ ಜಾಸ್ತಿ ಉದುರುವುದಿಲ್ಲ. ಅಂಥವು ಈ ಟೆಸ್ಟಿನ ಕಣ್ಣು ತಪ್ಪಿಸುತ್ತವೆ. ಅವುಗಳಲ್ಲಿ ಹೆಚ್ಚಾಗಿ ಕೆಟ್ಟಿರುವುದು ಎಫ್‌ಜಿಎಫ್‌ಆರ್3 ಎಂಬ ಜೀನ್. ಅದನ್ನೂ ಟರ್ಟ್ ಎಂಬ ಇನ್ನೊಂದು ಜೀನನ್ನೂ ಮೂತ್ರದಲ್ಲೇ ನೋಡುವ ಟೆಸ್ಟುಗಳು ಬಂದಿವೆ. ಆದರೂ ಸಿಸ್ಟೋಸ್ಕೋಪಿಯ ಜಾಗ ತುಂಬುವಂಥದ್ದು ಇನ್ನೂ ಬಂದಿಲ್ಲ.

ಹಾಗಂತ ಫಿಶ್ ಸುಮ್ನೆ ಅಲ್ಲ. ಈ ಕ್ಯಾನ್ಸರ್ ತೆಗೆದ ಮೇಲೂ ಮರುಕಳಿಸುವುದು ಜಾಸ್ತಿ ಅಲ್ವಾ, ಹಾಗಾಗಿ ಸಿಸ್ಟೋಸ್ಕೋಪಿಯ ಜೊತೆಗೆ ಇದೂ ಇದ್ದರೆ ಡಾಕ್ಟರಿಗೆ ಅನುಕೂಲ.

ಚೀಟಿ ತರುವವರು ಬೆಳಗಿನ ಮೊದಲ ಮೂತ್ರ ಹಿಡಿಯಬೇಡಿ. ರಾತ್ರಿಯೆಲ್ಲ ನಿಂತ ಮೂತ್ರದಲ್ಲಿ ಕೋಶಗಳು ಹಾಳಾಗಿರುತ್ತವೆ. ಎರಡನೆಯ ಸಲದ್ದು ಬೇಕು.

ಮೂತ್ರದಲ್ಲಿ ರಕ್ತ ಕಂಡರೆ, ಅದು ಒಂದೇ ಸಲ ಆಗಿರಲಿ, ನೋವಿಲ್ಲದಿರಲಿ, ಮೊದಲು ಯೂರಾಲಜಿಸ್ಟ್ ಹತ್ತಿರ ಹೋಗಿ. ಬೀಡಿ, ಸಿಗರೇಟು ಸೇದುವವರು ಒಂದು ದಿನವೂ ತಡ ಮಾಡಬೇಡಿ.

ನಮ್ಮಲ್ಲಿ ನೆಗೆಟಿವ್ ಬಂದು, ಸಿಸ್ಟೋಸ್ಕೋಪಿ ಮಾಡಿಸದೆ ಉಳಿದವರು ಯಾರಾದರೂ ಇದ್ದರೆ ಹಳೇ ರಿಪೋರ್ಟ್ ಹಿಡಿದು ಬನ್ನಿ. ನಮ್ಮ ಪೆಥಾಲಜಿಸ್ಟ್ ಕೂತು ಮಾತಾಡುತ್ತಾರೆ, ಡಾಕ್ಟರಿಗೆ ಪತ್ರ ಬರೆದುಕೊಡುತ್ತಾರೆ. ಅದಕ್ಕೆ ದುಡ್ಡು ಕಟ್ಟಬೇಕಿಲ್ಲ.