ನರಕದ ಬಾಗಿಲಿಗೆ ದೇವರು ಚಿಲಕ ಹಾಕಿಲ್ಲ

ಮಾನ್ಯ ಸಂಪಾದಕರೇ,

‘ದೇವರು ಪ್ರೀತಿಸ್ವರೂಪಿ ಅಂತೀರಿ, ಒಪ್ಪದವರನ್ನು ಕೊನೆಯಿಲ್ಲದ ಬೆಂಕಿಗೆ ಹಾಕ್ತಾನೆ ಅಂತಲೂ ಅಂತೀರಿ. ಎರಡೂ ಹೇಗೆ ಕೂಡುತ್ತೆ?’ ಕ್ರೈಸ್ತರಿಗೆ ಊರಿನ ಗೆಳೆಯರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದು, ಸಿಟ್ಟಾಗುವಂಥದ್ದಲ್ಲ. ಮೊಬೈಲಿನಲ್ಲಿ ಹರಿದಾಡುವ ಕೆಲವು ಪ್ರವಚನಗಳು ನರಕವನ್ನು ಹೆದರಿಸುವ ಕೋಲು ಮಾಡಿಕೊಂಡಿರುವುದರಿಂದಲೇ ಈ ಪ್ರಶ್ನೆ ಇಷ್ಟು ಮೊನಚಾಗಿದೆ.

ಅಂತಿಮ ತೀರ್ಪಿನ ವಿವರವಾದ ಚಿತ್ರ ಇರುವುದು ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ, 31ರಿಂದ 46ನೇ ವಚನದವರೆಗೆ. ಅಲ್ಲಿ ರಾಜ ಜನರನ್ನು ಬಲಕ್ಕೂ ಎಡಕ್ಕೂ ಬೇರ್ಪಡಿಸುತ್ತಾನೆ; ಎಡದವರು ತಿರಸ್ಕೃತರು. ಅವರ ಮುಂದಿಡುವ ಲೆಕ್ಕ ಯಾವುದು? ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿ. ಯಾವ ಮತ, ಎಷ್ಟು ಪ್ರಾರ್ಥನೆ ಎಂಬ ಮಾತೇ ಅಲ್ಲಿ ಬರುವುದಿಲ್ಲ. ಇನ್ನೂ ಹತ್ತಿರದಿಂದ ಓದಿ: 34ನೇ ವಚನದ ದೇವರ ರಾಜ್ಯ ಲೋಕಾದಿಯಿಂದ ಮನುಷ್ಯರಿಗಾಗಿ ಸಿದ್ಧವಾದದ್ದು, 41ನೇ ವಚನದ ಬೆಂಕಿ ಪಿಶಾಚಿಗೂ ಅವನ ದೂತರಿಗೂ ಸಿದ್ಧವಾದದ್ದು. ಮನುಷ್ಯನಿಗೆಂದು ಕಟ್ಟಿದ ನರಕ ಆ ಅಧ್ಯಾಯದಲ್ಲಿಲ್ಲ. ಇಲ್ಲಿ ಬೆಂಕಿ ಎನ್ನುವ ಮತ್ತಾಯನೇ 8:12 ಮತ್ತು 22:13ರಲ್ಲಿ ಹೊರಗಿನ ಕತ್ತಲೆ ಎನ್ನುತ್ತಾನೆ. ಉರಿಯುವ ಕಡೆ ಕತ್ತಲೆ ಎಲ್ಲಿಂದ ಬರಬೇಕು? ಎರಡೂ ದೇವರಿಂದ ದೂರವಾದ ಸ್ಥಿತಿಯನ್ನು ತೋರಿಸುವ ಚಿತ್ರಗಳು. ನರಕ ಒಂದು ಸ್ಥಳ ಎನ್ನುವುದಕ್ಕಿಂತ, ದೇವರಿಂದ ತಾನಾಗಿ ದೂರವಾದವನ ಸ್ಥಿತಿ ಎಂದು ಪೋಪ್ ಎರಡನೇ ಜಾನ್ ಪಾಲ್ 1999ರ ಜುಲೈ 28ರಂದು ಸ್ಪಷ್ಟವಾಗಿಯೇ ಹೇಳಿದ್ದಾರೆ.

ಲೂಕ 16ರ ಧನಿಕ ಮತ್ತು ಲಾಜರನ ಸಾಮತಿಯನ್ನೂ (ದೃಷ್ಟಾಂತ ಕಥೆಯನ್ನೂ) ನೋಡಿ. ಸತ್ತಮೇಲೆ ಬಡವ ಲಾಜರ ಪಿತಾಮಹ ಅಬ್ರಹಾಮನ ಬಳಿ, ಧನಿಕ ಯಾತನೆಯಲ್ಲಿ, ನಡುವೆ ದಾಟಲಾಗದ ಕಂದಕ. ಯಾತನೆಯಲ್ಲಿದ್ದರೂ ಧನಿಕ ಲಾಜರನ ಜತೆ ಒಂದು ಮಾತೂ ಆಡುವುದಿಲ್ಲ. ಅವನನ್ನು ಕಳಿಸು, ಬೆರಳ ತುದಿ ನೀರಿನಲ್ಲಿ ಅದ್ದಿ ನನ್ನ ನಾಲಗೆ ತಂಪು ಮಾಡಲಿ ಎಂದು ಅಬ್ರಹಾಮನಿಗೆ ಹೇಳುತ್ತಾನೆ. ಆಮೇಲೆ, ನನ್ನ ಐವರು ಸೋದರರ ಬಳಿಗೆ ಕಳಿಸು ಎನ್ನುತ್ತಾನೆ. ಮೈತುಂಬ ಹುಣ್ಣಾಗಿ ತನ್ನ ಬಾಗಿಲಲ್ಲಿ ಬಿದ್ದಿದ್ದವನು ಈಗಲೂ ಅವನ ಕಣ್ಣಿಗೆ ಆಳೇ. ಕ್ಷಮೆ ಕೇಳುವುದಿಲ್ಲ. ತನ್ನನ್ನು ಅಲ್ಲಿಂದ ಬಿಡಿಸಿ ಎಂದೂ ಕೇಳುವುದಿಲ್ಲ. ಆ ಕಂದಕವನ್ನು ಬದುಕಿದ್ದಾಗಲೇ ತೋಡಿದವನು ಅವನು.

ಧರ್ಮಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ಬೋಧನೆ ಇದಕ್ಕೆ ಸರಿಹೊಂದುತ್ತದೆ. ದೇವರು ಯಾರನ್ನೂ ನರಕಕ್ಕೆಂದು ಮೊದಲೇ ಗೊತ್ತುಮಾಡಿಲ್ಲ. ಪಾಪ ಮಾರಕವಾಗಬೇಕಾದರೆ, ಅಂದರೆ ದೇವರಿಂದ ದೂರ ಮಾಡಿ ನರಕಕ್ಕೆ ಒಯ್ಯುವಂಥದ್ದಾಗಬೇಕಾದರೆ, ಮೂರು ಕೂಡಬೇಕು: ವಿಷಯ ಗಂಭೀರವಾಗಿರಬೇಕು, ಅದು ತಪ್ಪೆಂದು ಪೂರ್ತಿ ತಿಳಿದಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ಒಂದು ತಪ್ಪಿದರೂ ಅದು ಮಾರಕ ಪಾಪವಲ್ಲ. ತನ್ನ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವನು ದೇವರನ್ನು ಮನಸಾರೆ ಹುಡುಕುತ್ತ ಅಂತಃಸಾಕ್ಷಿಯಂತೆ ನಡೆದರೆ ಅವನಿಗೂ ರಕ್ಷಣೆ ದೊರೆಯಬಲ್ಲದು ಎಂದು ಲೋಕದ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಬರೆದಿಟ್ಟಿದೆ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಬಂದು ಮೇಣದಬತ್ತಿ ಹಚ್ಚುವ ಹಿಂದೂ ತಾಯಂದಿರನ್ನು ‘ನರಕದ ದಾರಿಯವರು’ ಎನ್ನುವ ಬಾಯಿ ಈ ಬೋಧನೆಯನ್ನು ಓದಿಲ್ಲ. ಸಾವಿರಾರು ಮಂದಿಯನ್ನು ಸಂತರೆಂದು ಸಾರಿದ ಧರ್ಮಸಭೆ, ಇಂಥವರು ನರಕದಲ್ಲಿದ್ದಾರೆ ಎಂದು ಒಬ್ಬರ ಹೆಸರನ್ನೂ ಸಾರಿಲ್ಲ, ಯೇಸುವನ್ನು ಹಿಡಿದುಕೊಟ್ಟ ಯೂದನದನ್ನೂ ಇಲ್ಲ.

ಇಷ್ಟಾದರೂ ಒಂದು ಗಂಟು ಉಳಿಯುತ್ತದೆ: ಆ ಸ್ಥಿತಿಗೆ ಕೊನೆಯೇ ಇಲ್ಲವೇ? ಮೂರನೇ ಶತಮಾನದ ಕ್ರೈಸ್ತ ಚಿಂತಕ ಒರಿಗೆನ್, ಕಡೆಗೆ ಎಲ್ಲರೂ ದೇವರಿಗೆ ಮರಳುತ್ತಾರೆ ಎಂಬ ಕಡೆಗೆ ವಾಲಿದ. 543ರಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ಶಾಸನ ಆ ವಾದವನ್ನು ಖಂಡಿಸಿತು. ಅದೇ ಆಸೆ ಇಟ್ಟುಕೊಂಡಿದ್ದ ನಾಲ್ಕನೇ ಶತಮಾನದ ಬಿಷಪ್ ನಿಸ್ಸದ ಗ್ರೆಗರಿ ಇಂದಿಗೂ ಸಂತ. ಎಲ್ಲರೂ ಪಾರಾಗಿಯೇ ಆಗುತ್ತಾರೆ ಎಂದು ಸಾರಲು ನಮಗೆ ಅಧಿಕಾರವಿಲ್ಲ, ಹಾಗಾಗಲಿ ಎಂದು ಬೇಡಿಕೊಳ್ಳಲು ಅಡ್ಡಿಯೂ ಇಲ್ಲ; ನನಗೆ ಸರಿ ಕಾಣುವುದು ಇದೇ. ಒಲ್ಲೆ ಎಂದವನಿಗೆ ಬಲವಂತದ ಮಾಘಸ್ನಾನ ಮಾಡಿಸಿ ಒಳಗೆ ಕರೆದುಕೊಂಡರೆ ಅದು ಪ್ರೀತಿಯಾಗದು. ಇನ್ನೊಂದು ಮಾತು: ಶಾಶ್ವತ ನರಕ ಹೊರಗಿನಿಂದ ಬಂದ ಕಲ್ಪನೆ, ನಮ್ಮ ನೆಲದ್ದಲ್ಲ ಎನ್ನುವವರು ಮಧ್ವಾಚಾರ್ಯರನ್ನು ಓದಬೇಕು. ತಮೋಯೋಗ್ಯ (ಸ್ವಭಾವದಿಂದಲೇ ಕತ್ತಲಿಗೆ ತಕ್ಕ) ಜೀವರಿಗೆ ಅವರು ಹೇಳುವ ಅಂಧಂತಮಸ್ಸಿನಿಂದಲೂ, ಅಂದರೆ ಕಗ್ಗತ್ತಲೆಯ ನರಕದಿಂದಲೂ, ಮರಳಿಕೆಯಿಲ್ಲ. ಅಲ್ಲಿ ಕಾರಣ ಜೀವದ ಸ್ವಭಾವ, ಇಲ್ಲಿ ಮನುಷ್ಯನ ಇಚ್ಛೆ.

ಶಿವಮೊಗ್ಗ ಧರ್ಮಕ್ಷೇತ್ರಕ್ಕೆ (ಬಿಷಪ್ಪರ ಆಡಳಿತ ವಲಯಕ್ಕೆ) ಸೇರಿದ ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಧರ್ಮೋಪದೇಶ ತರಗತಿಗಳಲ್ಲಿ ನರಕದ ಪಾಠವನ್ನು ಬೆಂಕಿಯಿಂದ ಶುರು ಮಾಡಬೇಡಿ. ಮೊದಲು ಲೂಕ 15 ಓದಿಸಿ. ಮನೆ ಬಿಟ್ಟು ಹೋಗಿದ್ದ ಕಿರಿಮಗ ಮರಳಿದ ಖುಷಿಗೆ ಮನೆಯಲ್ಲಿ ಔತಣ ನಡೆದಿದೆ, ಹಿರಿಮಗ ಮುನಿಸಿಕೊಂಡು ಹೊರಗೆ ನಿಂತಿದ್ದಾನೆ, ತಂದೆಯೇ ಹೊರಬಂದು ಬಾರಪ್ಪಾ ಎಂದು ಬೇಡುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಯೇಸು ಹೇಳುವುದಿಲ್ಲ. ಅದನ್ನು ಮಕ್ಕಳೇ ಚರ್ಚಿಸಲಿ. ಮತ್ತಾಯ 25 ಆಮೇಲೆ. ಬೆಂಕಿಯಿಂದ ಶುರು ಮಾಡಿದರೆ ಮಗು ತಂದೆಯನ್ನು ಕಾಣುವುದಿಲ್ಲ, ಪೊಲೀಸನನ್ನು ಕಾಣುತ್ತದೆ. ದೊಡ್ಡದಾದಾಗ ಭಯ ಹೋಗುತ್ತದೆ, ಭಯದ ಜತೆ ನಂಬಿಕೆಯೂ ಹೋಗುತ್ತದೆ.

ಕೊನೆಯದು, ಆತ್ಮಹತ್ಯೆಯ ಸಾವು. 1917ರ ಧರ್ಮಸಭಾ ಕಾನೂನು, ತಿಳಿದೂ ಜೀವ ತೆಗೆದುಕೊಂಡವರಿಗೆ ಚರ್ಚಿನ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ಮನೋವ್ಯಥೆ, ತೀವ್ರ ಭಯ, ನೋವು ಹೊಣೆಯನ್ನು ತಗ್ಗಿಸುತ್ತವೆ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು ಧರ್ಮಸಭೆಯ ಅಧಿಕೃತ ಬೋಧನೆಯ ಸಂಗ್ರಹವಾದ 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಸಾಲ, ರೋಗ, ಅವಮಾನಗಳಿಗೆ ಸಿಕ್ಕು ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಗೆ ಈ ಮಾತು ಗುರುಗಳ ಬಾಯಿಂದ ಮಣ್ಣು ಮಾಡುವ ದಿನವೇ ಮುಟ್ಟಬೇಕು, ನವೆಂಬರ್ 2ರ ಮೃತರ ಸ್ಮರಣೆಯಲ್ಲಿ ಆ ಹೆಸರನ್ನೂ ಎಲ್ಲರ ಹೆಸರಿನ ಜತೆ ಓದಬೇಕು.

— ಧರ್ಮೋಪದೇಶ ಶಿಕ್ಷಕಿ, ದಾವಣಗೆರೆ